ಜರ್ಮನ್ ಗಾಡಿ ನೂಕಲು ಬಂದವನು

ಗುರುವಿನ ಪಾದ ನೆನೆದು ಹೇಳುತ್ತೇನೆ. ಇದು ನಡೆದದ್ದು ಮಲಪ್ರಭೆಯ ದಂಡೆಯಲ್ಲಿ, ಅಡವಯ್ಯಜ್ಜ ಇನ್ನೂ ದೇಹದಲ್ಲಿದ್ದಾಗ.

ಅವರ ಮಠವೆಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಪಡಸಾಲೆ, ಒಂದು ಬೇವಿನ ಮರ. ಮರದಡಿಯಲ್ಲಿ ತಗಡಿನ ಚಪ್ಪರ. ಚಪ್ಪರದೊಳಗೆ ಒಂದು ಕಾರು.

ಬೇರೆ ಮಠಗಳಲ್ಲಿ ಆನೆ ಇರುತ್ತದೆ, ಪಲ್ಲಕ್ಕಿ ಇರುತ್ತದೆ. ಈ ಮಠದಲ್ಲಿ ಡಿಕೆಡಬ್ಲ್ಯು ಇತ್ತು.

ಜರ್ಮನಿಯ ಗಾಡಿ. ಗುಂಡು ಬೆನ್ನು. ಮೂತಿಯ ಮೇಲೆ ಒಂದಕ್ಕೊಂದು ಹೆಣೆದ ನಾಲ್ಕು ಉಂಗುರ. ಚಾಲೂ ಮಾಡಿದರೆ ಹಿಂದಿನಿಂದ ನೀಲಿ ಹೊಗೆ ಏಳುತ್ತಿತ್ತು. ಊರ ಮಂದಿ ಆ ಹೊಗೆ ಕಂಡೇ ಕೈ ಮುಗಿಯುತ್ತಿದ್ದರು. "ಹೊಗಿ ಅಜ್ಜಾರು ಹೊಂಟ್ರು" ಎನ್ನುತ್ತಿದ್ದರು.

ಮಠಕ್ಕೆ ಬರುವ ಮೊದಲು ಅಜ್ಜ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಗ್ಯಾರೇಜಿನ ಮಿಸ್ತ್ರಿಯಾಗಿದ್ದರು. ಕೊರಳಲ್ಲಿ ಲಿಂಗ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ. ಯಾರಿಗೂ ಬೇಡವಾದ ಜರ್ಮನ್ ಗಾಡಿಗಳೆಲ್ಲ ಅವರ ಬಾಗಿಲಿಗೇ ಬಂದು ನಿಲ್ಲುತ್ತಿದ್ದವಂತೆ.

ಅವರ ಶಿಷ್ಯ ರುದ್ರಮುನಿ. ಮೂವತ್ತೆರಡರ ಪ್ರಾಯ. ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುವುದನ್ನು ಬಿಟ್ಟು ಬಂದವನು.

ಬಂದ ದಿನವೇ ಅವನು ಒಂದು ನಿಯಮ ಹಿಡಿದ. ಮೂರು ವರ್ಷ ರಕ್ತಸಂಬಂಧಿಗಳ ಮುಖ ನೋಡುವುದಿಲ್ಲ, ಅವರೊಡನೆ ಮಾತಾಡುವುದಿಲ್ಲ. ಅದು ಮುಗಿದ ಮೇಲೆ ದೀಕ್ಷೆ. ಈ ನಿಯಮವನ್ನು ಗುರುಗಳು ಕೊಟ್ಟಿರಲಿಲ್ಲ. ತಾನೇ ಹಾಕಿಕೊಂಡದ್ದು.

ಅವನಿಗೆ ಎಲ್ಲವೂ ಶುದ್ಧವಾಗಿರಬೇಕು. ಬಟ್ಟೆ, ಪಾತ್ರೆ, ಉಚ್ಚಾರ. ಜಿಡ್ಡು ಕಂಡರೆ ಆಗದು. ಊಟದ ತಟ್ಟೆಯನ್ನು ಬೂದಿ ಹಚ್ಚಿ ಮೂರು ಸಲ ತಿಕ್ಕುತ್ತಿದ್ದ.

ಒಂದು ಸಂಜೆ ಅವನು ಕೇಳಿದ: "ಅಜ್ಜಾರ, ಮನಿ ಬಿಟ್ರಿ, ಗ್ಯಾರೇಜ್ ಬಿಟ್ರಿ. ಈ ಗಾಡಿ ಯಾಕ ಬಿಡಲಿಲ್ರಿ?"

"ಬಿಡಾಕ ನೋಡಿದೆಪಾ. ಯಾರೂ ತಗೊಳ್ಳಲಿಲ್ಲ."

ರುದ್ರಮುನಿ ನಗಲಿಲ್ಲ. ಅವನಿಗೆ ಗಂಭೀರವಾದ ಉತ್ತರ ಬೇಕಿತ್ತು.

"ನಾನು ವೈರಾಗ್ಯದ ಮಾತು ಕೇಳಾಕತ್ತೀನ್ರಿ."

"ಹಂಗಾರ ಕೇಳು." ಅಜ್ಜ ಗಾಡಿಯ ಬಾನೆಟ್ ಒರೆಸುತ್ತಲೇ ಹೇಳಿದರು. "ಇದಕ್ಕಿಂತ ಮೊದಲು ನನ್ನ ಹತ್ರ ಒಂದು ಬೋರ್ಗ್‌ವರ್ಡ್ ಇತ್ತು, ಅದೂ ಜರ್ಮನ್ ಗಾಡಿ. ಇಸಾಬೆಲ್ಲಾ ಅಂತ ಅದರ ಹೆಸರು. ನಾನು ಈಸವ್ವ ಅಂತಿದ್ದೆ. ಹಿಂದಿನ ಮಾಲಕ ನೀರಿಲ್ಲದ ಓಡಿಸಿ ವಾಲ್ವ್ ಸುಟ್ಟಿದ್ದ. ಹೊಸಾದು ತರಸೂಣು ಅಂದ್ರ ಕಂಪನಿ ಮುಚ್ಚಿ ಎಷ್ಟೋ ವರ್ಷ ಆಗಿತ್ತು."

"ಮತ್ತ?"

"ಒಬ್ಬ ಪಾದ್ರಿ ಕಡಿಂದ ಜರ್ಮನಿಗೆ ಪತ್ರಾ ಬರಸಿದೆ. ಅಲ್ಲಿ ಯಾವನೋ ಮುದುಕ, ನನ್ನಂಗ ಮಿಸ್ತ್ರಿ. ಹದಿನಾಕು ತಿಂಗಳ ಮ್ಯಾಲ ಒಂದು ಪೆಟ್ಟಿಗಿ ಬಂತು. ಒಳಗ ವಾಲ್ವ್. ಜೋಡಿ ಒಂದು ಚೀಟಿ."

"ಏನಂತ ಬರದಿದ್ದ?"

"'ನನ್ನ ಗಾಡಿಯಿಂದ ಬಿಚ್ಚಿ ಕಳಿಸೀನಿ. ನಂದು ಇನ್ನ ಓಡೂದಿಲ್ಲ. ನಿಮ್ಮದು ಓಡ್ಲಿ.'"

ರುದ್ರಮುನಿ ಮುಂದಿನ ಮಾತಿಗೆ ಕಾದ.

"ಅಷ್ಟೇ ಏನ್ರಿ?"

"ಅಷ್ಟೇ. ಅಂವಾ ಯಾವ ನಿಯಮ ಹಿಡಿದಿದ್ದನೋ, ನನಗ ಗೊತ್ತಿಲ್ಲ."

ರುದ್ರಮುನಿ ಎದ್ದು ಹೋದ. ಬರೀ ಗಾಡಿಯ ಕಥೆ ಹೇಳಿ ಗುರುಗಳು ತನ್ನನ್ನು ಸಾಗಹಾಕಿದರು ಎಂದುಕೊಂಡ.

ಬುಧವಾರ ಮಧ್ಯಾಹ್ನದ ಬಸ್ಸಿಗೆ ಒಬ್ಬ ಹೆಣ್ಣುಮಗಳು ಮಠಕ್ಕೆ ಬಂದಳು. ಒಂದು ಕೈಯಲ್ಲಿ ಬುತ್ತಿಗಂಟು, ಇನ್ನೊಂದು ಕೈ ಗೋಡೆಯ ಮೇಲೆ. ಕಾಲಿನಿಂದ ತಡವಿ ಮೆಟ್ಟಿಲು ಹತ್ತಿದಳು.

ನೀಲವ್ವ. ರುದ್ರಮುನಿಯ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಈ ಮೂರು ವರ್ಷದಲ್ಲಿ ಎಷ್ಟೋ ಸಲ ಬಂದು ಮುಚ್ಚಿದ ಬಾಗಿಲು ನೋಡಿ ಹೋಗಿದ್ದಳು.

ಅವಳ ದನಿ ಕೇಳಿದ್ದೇ ರುದ್ರಮುನಿ ಕೋಣೆಗೆ ಹೋಗಿ ಅಗಳಿ ಹಾಕಿದ.

"ಎಡಗಣ್ಣು ಹೋಗೇತ್ರಿ ಅಜ್ಜಾರ," ಎಂದಳು ನೀಲವ್ವ. "ಬಲಗಣ್ಣಾಗ ಮಂಜು ಮಂಜು. ನಾಳೆ ಆಪರೇಶನ್. ದೊಡ್ಡ ಡಾಕ್ಟರು ತಿಂಗಳಿಗೊಮ್ಮೆ ಬರತಾರ. ಈ ಸಲ ತಪ್ಪಿದ್ರ ಮುಂದಿನ ತಿಂಗಳಿಗೆ ಕಣ್ಣೇ ಉಳಿಯೂದಿಲ್ಲ ಅಂದಾರ."

"ಎಷ್ಟಕ್ಕ ಹೋಗಬೇಕವಾ?"

"ಹತ್ತರೊಳಗ್ರಿ. ಮನೀ ಮಂದಿ ಒಬ್ಬರು ಜೋಡಿ ಬೇಕಂತ, ಸಹಿ ಮಾಡಾಕ." ಅವಳು ಮುಚ್ಚಿದ ಕೋಣೆಯ ಕಡೆ ತಿರುಗಲಿಲ್ಲ. "ನಾನು ಕೇಳಾಕ ಬಂದಿಲ್ರಿ. ಹೇಳಿ ಹೋಗಾಕ ಬಂದೀನಿ."

ಅಜ್ಜ ಎದ್ದು ಕೋಣೆಯ ಬಾಗಿಲ ಬಳಿ ಹೋದರು.

"ರುದ್ರಾ."

ಒಳಗಿನಿಂದ ಸಣ್ಣ ದನಿ ಬಂತು: "ಅಜ್ಜಾರ, ಇನ್ನ ಹನ್ನೊಂದು ದಿನ ಉಳಿದಾವ್ರಿ."

"ನಾನು ಲೆಕ್ಕ ಕೇಳಿಲ್ಲಲ್ಲ."

"ಈಗ ಮುರಿದ್ರ ಮತ್ತ ಮೊದಲಿಂದ ಮೂರು ವರ್ಷ. ನೀವೇ ಹೇಳ್ರಿ. ಹೋಗ್ಲೋ, ಬ್ಯಾಡೋ?"

ಅಜ್ಜ ಚಪ್ಪರದ ಕಡೆ ಕಣ್ಣು ಹಾಯಿಸಿದರು.

"ನಾಳೆ ಮುಂಜಾನೆ ಗಾಡಿ ತಗೀತೀನಿ. ಹಳೇ ಗಾಡಿ. ದಾರ್ಯಾಗ ನಿಂತ್ರ ನೂಕಾಕ ಒಬ್ಬಾಂವ ಬೇಕು."

ಅಜ್ಜ ಬಾಗಿಲಿಗೆ ಇನ್ನೂ ಹತ್ತಿರ ಬಂದರು.

"ತಮ್ಮ ಬರೂದು ಬ್ಯಾಡ. ನೂಕಾಂವ ಬಂದ್ರ ಸಾಕು. ನೂಕಾವಗ ಮಾತಾಡೂ ಕೆಲಸ ಇಲ್ಲ, ಮುಖ ನೋಡೂ ಕೆಲಸ ಇಲ್ಲ. ಅಂವಾ ಗಾಡಿ ಹಿಂದ ಇರತಾನ."

ರುದ್ರಮುನಿ ಲೆಕ್ಕ ಹಾಕಿದ. ಹೀಗಾದರೆ ನಿಯಮಕ್ಕೆ ಭಂಗವಿಲ್ಲ. ಗುರುಸೇವೆಯೂ ಆಯಿತು.

"ಆತ್ರಿ. ನೂಕಾಕ ಬರತೀನಿ."

"ಚಪ್ಪರದ ಮೂಲ್ಯಾಗ ಡಬ್ಬಿ ಅದ. ಅದರಾಗಿನ ಪೆಟ್ರೋಲ್ ಟಾಕಿಗೆ ಹಾಕಿಡು."

ನೀಲವ್ವ ಪಡಸಾಲೆಯಲ್ಲಿ ಅಡ್ಡಾದ ಮೇಲೆ ರುದ್ರಮುನಿ ಹಿತ್ತಿಲ ಬಾಗಿಲಿನಿಂದ ಚಪ್ಪರಕ್ಕೆ ಬಂದ. ಡಬ್ಬಿ ತೆರೆದ. ಪೆಟ್ರೋಲಿನ ಬಣ್ಣ ಏನೋ ಬೇರೆಯಾಗಿ ಕಂಡಿತು. ಎರಡು ಬೆರಳು ಅದ್ದಿ ತಿಕ್ಕಿ ನೋಡಿದ.

ಜಿಡ್ಡು.

ಯಾರೋ ಗುರುಗಳಿಗೇ ಬೆರಕೆ ಮಾಲು ಕೊಟ್ಟಿದ್ದಾರೆ! ಅದಕ್ಕೇ ಗಾಡಿ ಅಷ್ಟೊಂದು ಹೊಗೆ ಉಗುಳುತ್ತದೆ. ಇಂಥದ್ದನ್ನು ಹಾಕಿಕೊಂಡು ಹೋದರೆ ಗಾಡಿ ದಾರಿಯಲ್ಲಿ ನಿಲ್ಲದೆ ಇನ್ನೇನು?

ಅವನು ಸೈಕಲ್ ಹತ್ತಿದ. ಕ್ರಾಸಿನ ಪಂಪಿನಿಂದ ಹತ್ತು ಲೀಟರ್ ಹೊಸ ಪೆಟ್ರೋಲ್ ತಂದ. ಟಾಕಿಯಲ್ಲಿ ಉಳಿದಿದ್ದ ಹಳೆಯದನ್ನೆಲ್ಲ ಕೆಳಗೆ ಇಳಿಸಿದ. ಅರಿವೆ ಹಾಕಿ ಸೋಸಿ ಹೊಸದನ್ನು ಸುರಿದ. ಡಿಕ್ಕಿಯಲ್ಲಿ ಒಂದು ಎಣ್ಣೆ ಡಬ್ಬಿ ಜಿಡ್ಡುಗಟ್ಟಿ ಕೂತಿತ್ತು. ಅದನ್ನೂ ತೆಗೆದು ಹೊರಗಿಟ್ಟ.

ಆಮೇಲೆ ನದಿಗೆ ಹೋಗಿ ಮೂರು ಸಲ ಕೈ ತೊಳೆದ. ಅಕ್ಕನಿಗೆ ಇಷ್ಟಾದರೂ ಮಾಡಿದೆನಲ್ಲ ಎಂದು ಅವನ ಮನಸ್ಸಿಗೆ ಹಗುರವಾಯಿತು.

ಮರುದಿನ ಏಳೂವರೆಗೆ ಹೊರಟರು. ಅಜ್ಜ ಚಾಲಕರ ಜಾಗದಲ್ಲಿ. ಪಕ್ಕದಲ್ಲಿ ರುದ್ರಮುನಿ, ಮುಖ ಕಿಟಕಿಯ ಕಡೆ. ಹಿಂದಿನ ಸೀಟಿನಲ್ಲಿ ನೀಲವ್ವ, ಬುತ್ತಿಗಂಟು ತೊಡೆಯ ಮೇಲೆ.

ಎಂಜಿನ್ನಿನ ಹೊಟ್ಟೆಯಲ್ಲಿ ಹಳೆಯದು ಅಷ್ಟೋ ಇಷ್ಟೋ ಉಳಿದಿತ್ತು. ಹೊರಡುವಾಗ ಹೊಗೆ ಬಂತು. ಅಜ್ಜನಿಗೆ ಸಂಶಯ ಬರಲಿಲ್ಲ.

"ನೂಕಾಕ ಒಬ್ಬಾಂವನ ಕರಕೊಂಡೀನವಾ," ಎಂದರು ಅಜ್ಜ.

"ಪುಣ್ಯಾತ್ಮ," ಎಂದಳು ನೀಲವ್ವ. "ಮಾತಾಡೂದಿಲ್ಲೇನ್ರಿ ಅಂವಾ?"

"ನೂಕತಾನ."

"ಛಲೋ ಆತು. ಮಾತಾಡಾವರು ಭಾಳ ಅದಾರ, ನೂಕಾವರು ಕಡಿಮಿ." ಅವಳು ಕಿವಿಗೊಟ್ಟು ಕೇಳಿದಳು. "ಅಜ್ಜಾರ, ಇದೇನ್ರಿ ಸಪ್ಪಳ? ಒಲೀ ಮ್ಯಾಲ ಹುಗ್ಗಿ ಕುದ್ದಂಗ ಅದಲ್ರಿ!"

ಅಜ್ಜನಿಗೆ ಖುಷಿಯಾಯಿತು. ಗಾಡಿಯ ಸುದ್ದಿ ತೆಗೆದರೆ ಅವರು ಹುಡುಗನಾಗಿಬಿಡುತ್ತಿದ್ದರು.

"ಇದರ ಹಿಂದ ಒಂದು ಬಿಲ್ಲೆ ಅದವಾ. ಅದರ ಮ್ಯಾಲ ಬರದದ, ಮೂರು ಅಂದ್ರ ಆರು ಅಂತ. ಮೊದಲನೇ ಸಲ ನೋಡಿದಾಗ ನಾನು ಜರ್ಮನಿಯವರಿಗೆ ಮಗ್ಗಿ ಬರೂದಿಲ್ಲ ಅಂದ್ಕೊಂಡೆ."

"ಮೂರು ಆರು ಹೆಂಗಾಗತದ್ರಿ?"

"ಎಂಜಿನ್ನಿನ್ಯಾಗ ಮೂರು ಕೊಳವಿ. ಬ್ಯಾರೆ ಗಾಡ್ಯಾಗ ಒಂದು ಸುತ್ತು ದುಡದು ಒಂದು ಸುತ್ತು ಸುಮ್ಮನಿರತಾವ. ಇವು ಸುತ್ತು ಸುತ್ತಿಗೂ ದುಡೀತಾವ. ಮೂರs ಆರರ ಕೆಲಸ ಮಾಡತಾವ."

"ಹೆಣ್ಣುಮಕ್ಕಳು ಇದ್ದಂಗ ಅನ್ರಿ."

ಅಜ್ಜ ಜೋರಾಗಿ ನಕ್ಕರು. "ಅವಕ್ಕ ನಾನು ಹೆಸರು ಇಟ್ಟೀನಿ. ಇಷ್ಟ, ಪ್ರಾಣ, ಭಾವ. ಮೂರು ಲಿಂಗದ ಹೆಸರು. ಭಾವಕ್ಕ ಮಾತ್ರ ನಾನು ಹಳೇ ಸ್ಕೂಟರಿನ ಕಾಯಿಲ್ ಹಾಕೀನಿ. ಮುಂಜಾನೆ ಎದ್ದ ಕೂಡಲೇ ಕಿಡಿ ಕೊಡೂದಿಲ್ಲ."

"ನಮ್ಮಂಥವರ ಭಾವಾನೂ ಹಂಗs ಅಲ್ರೀ," ಎಂದು ನೀಲವ್ವ ನಕ್ಕಳು.

ರುದ್ರಮುನಿ ಕಿಟಕಿಯ ಹೊರಗೆ ನೋಡುತ್ತಿದ್ದ. ಮೂರು ವರ್ಷದಿಂದ ಅಕ್ಕನ ಆ ನಗು ಕೇಳಿರಲಿಲ್ಲ.

ಒಂಬತ್ತು ಮೈಲಿ ಕಳೆದಿರಬೇಕು. ಹುಗ್ಗಿ ಕುದಿಯುವ ಸದ್ದು ಬದಲಾಯಿತು. ಗಂಟಲು ಒಣಗಿದವನ ದನಿಯಂತೆ ಬಿಗಿಯಿತು. ಅಜ್ಜ ತಲೆ ಎತ್ತಿದರು. ಅಷ್ಟರಲ್ಲಿ ಕಬ್ಬಿಣ ಕಬ್ಬಿಣವನ್ನು ಕಚ್ಚಿ ಹಿಡಿದ ಹಾಗೆ ಒಂದು ಸದ್ದಾಗಿ ಎಂಜಿನ್ ನಿಂತಿತು.

ಗಾಡಿ ಮಾತ್ರ ಸುಮ್ಮನೆ ಉರುಳುತ್ತ ಹೋಗಿ ಒಂದು ಜಾಲಿಮರದ ಹತ್ತಿರ ನಿಂತಿತು.

ಎಂಟು ಗಂಟೆ ದಾಟಿತ್ತು. ಆಸ್ಪತ್ರೆ ಇನ್ನೂ ಹನ್ನೆರಡು ಮೈಲಿ.

"ನೂಕಾಂವ ಇಳೀಲಿ," ಎಂದರು ಅಜ್ಜ.

ಬಾನೆಟ್ ಎತ್ತಿದರು. ಒಳಗಿನಿಂದ ಬಿಸಿ ಉಸಿರು ಬಂತು. ಅಜ್ಜ ಮೂಗು ಹತ್ತಿರ ಒಯ್ದು ಮೂಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಯಾವ ಪೆಟ್ರೋಲ್ ಹಾಕಿದೆಪಾ?"

ಅಕ್ಕನಿಗೆ ಕೇಳಿಸಬಾರದೆಂದು ರುದ್ರಮುನಿ ಅವರ ಕಿವಿಯ ಹತ್ತಿರ ಪಿಸುಗುಟ್ಟಿದ. "ಶುದ್ಧಾದ್ದು ಹಾಕೀನ್ರಿ. ಡಬ್ಬ್ಯಾಗಿಂದು ಬೆರಕಿ ಇತ್ತು. ಬರೇ ಜಿಡ್ಡು. ಎಲ್ಲಾ ತಗದು ಸ್ವಚ್ಛ ಮಾಡಿ ಹೊಸಾದು ಹಾಕೀನಿ."

ಅಜ್ಜ ಬಾನೆಟ್ಟಿಗೆ ಕೈಯೂರಿ ನಿಂತರು. ಅವರ ಮೈ ಅಲುಗತೊಡಗಿತು. ರುದ್ರಮುನಿ ಅವರು ಅಳುತ್ತಿದ್ದಾರೆಂದು ಹೆದರಿದ. ಅವರು ನಗುತ್ತಿದ್ದರು.

"ಅದನ್ನ ಬೆರಸಿದಾಂವ ನಾನs."

"ಅಜ್ಜಾರ!"

"ಈ ಎಂಜಿನ್ನಿಗೆ ಎಣ್ಣಿ ಹಾಕಾಕ ಬ್ಯಾರೆ ಬಾಯಿ ಇಲ್ಲಪಾ. ಪೆಟ್ರೋಲಿನ ಕೈ ಹಿಡಕೊಂಡs ಒಳಗ ಹೋಗಬೇಕು. ಸ್ಕೂಟರಿಗೆ ಬೆರಸತಾರಲ್ಲ, ಹಂಗ."

"ಸ್ಕೂಟರಿಂದು ಗೊತ್ತಿತ್ರಿ. ಕಾರಿಗೂ ಅಂತ ಗೊತ್ತಿರಲಿಲ್ಲ."

"ಶುದ್ಧ ಪೆಟ್ರೋಲ್ ಉರೀತದ. ಛಲೋ ಉರೀತದ. ಉರದು ಉರದು ಒಳಗ ಒಂದಕ್ಕೊಂದು ಕಚಗೊಂಡು ನಿಲ್ಲತದ." ಅಜ್ಜ ಕಣ್ಣೊರೆಸಿಕೊಂಡರು. "ತಪ್ಪು ನಂದು. ಇಷ್ಟು ವರ್ಷ ನಾನೊಬ್ಬನೇ ಬೆರಸಿದೆ. ನಿನಗ ಹೇಳಿಕೊಡಲಿಲ್ಲ. ಹೋಗು, ಡಿಕ್ಕ್ಯಾಗ ಎಣ್ಣಿ ಡಬ್ಬಿ ಅದ. ತಾ."

ರುದ್ರಮುನಿ ಅಲ್ಲಾಡಲಿಲ್ಲ.

"ತಗದಿಟ್ಟೀನ್ರಿ. ಜಿಡ್ಡಾಗಿತ್ತು."

ಅಜ್ಜ ಜಾಲಿಮರದ ಕಡೆ ನೋಡಿ ಕೈ ಮುಗಿದರು. "ಶಿವನೇ, ಏನು ಸ್ವಚ್ಛ ಮಂದೀನ್ನ ಕೊಟ್ಟೀಯಪಾ ನನಗ."

ಶಿವನು ಯಾರ ರೂಪದಲ್ಲಿ ಬರುತ್ತಾನೋ ಬಲ್ಲವರಿಲ್ಲ. ಅಂದು ಅವನು ಲೂನಾ ಮೇಲೆ ಬಂದ, ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು.

ಹಾಲು ಮಾರುವ ಗೂಳಪ್ಪ ಗಾಡಿ ನಿಲ್ಲಿಸಿದ. "ಯಾಕ್ರಿ ಹೊಗಿ ಅಜ್ಜಾರ, ಇವತ್ತು ಹೊಗಿನೇ ಇಲ್ಲ?"

"ಎಣ್ಣಿ ಇಲ್ಲಪಾ."

ಗೂಳಪ್ಪ ರುದ್ರಮುನಿಯ ಮಡಿಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿದ. "ಎಣ್ಣಿ ಬೆರಸದ ಬಿಟ್ಟೀರೇನ್ರಿ ಶಾಸ್ತ್ರಿಗಳs? ನನ್ನ ಕೇಳಬಾರದಿತ್ತಾ? ಬೆರಸೂ ವಿಷಯದಾಗ ಹಾಲಿನವರs ಪಂಡಿತರು!"

ಅವನು ಸೀಟಿನ ಕೆಳಗಿನಿಂದ ಒಂದು ಬಾಟಲಿ ತೆಗೆದುಕೊಟ್ಟ. ಲೂನಾಕ್ಕೆ ಹಾಕುವ ಎಣ್ಣೆ. ಅರ್ಧ ಲೀಟರು ಇತ್ತು.

ಅಜ್ಜ ಮೂರು ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಮೂರು ತೂತಿಗೂ ಒಂದೊಂದು ಚಮಚ ಎಣ್ಣೆ ಬಿಟ್ಟರು. "ಇಷ್ಟಕ್ಕ. ಪ್ರಾಣಕ್ಕ. ಭಾವಕ್ಕ ಇನ್ನೊಂಚೂರು."

"ಈಗ?" ಎಂದು ಪಿಸುಗುಟ್ಟಿದ ರುದ್ರಮುನಿ.

"ಈಗ ಆರಬೇಕು. ಬಿಸಿ ಇದ್ದಾಗ ನೂಕಿದ್ರ ಮುರೀತದ. ಉಳಿದ ಎಣ್ಣಿ ಟಾಕಿಗೆ ಹಾಕು. ಹಾಕಿ ಗಾಡಿ ಅಲುಗಿಸು, ಛಲೋತ್ನಾಗ ಬೆರೀಲಿ."

ಬಾಟಲಿ ಮುಚ್ಚಳ ಬಿಗಿಯಾಗಿತ್ತು. ತೆಗೆಯುವಾಗ ಎಣ್ಣೆ ಅವನ ಎರಡೂ ಕೈ ಮೇಲೆ ಚೆಲ್ಲಿ ಮೊಣಕೈವರೆಗೆ ಇಳಿಯಿತು. ಒರೆಸಿಕೊಳ್ಳಲು ಏನೂ ಇರಲಿಲ್ಲ. ಉಟ್ಟ ಮಡಿಗೇ ಒರೆಸಿಕೊಂಡ.

ನೀಲವ್ವ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದಳು. ಆಪರೇಶನ್ ಇದ್ದುದರಿಂದ ಅವಳು ಉಪವಾಸ. ರೊಟ್ಟಿ ಮುರಿದು ಮೊದಲು ಅಜ್ಜನಿಗೆ, ಆಮೇಲೆ ಗೂಳಪ್ಪನಿಗೆ ಕೊಟ್ಟಳು. ಬೇರೆ ಅರಿವೆಯಲ್ಲಿ ಕಟ್ಟಿದ್ದ ಎರಡು ರೊಟ್ಟಿಯನ್ನು ತಡವಿ ತೆಗೆದಳು.

"ಇವು ನೂಕಾವಗ ಕೊಡ್ರಿ ಅಜ್ಜಾರ. ಈ ಚಟ್ನಿಗೆ ಬಳ್ಳೊಳ್ಳಿ ಹಾಕಿಲ್ಲ. ಅವಗ ಸೇರೂದಿಲ್ಲ."

ಗಾಡಿಯನ್ನು ಅಲುಗಿಸುತ್ತಿದ್ದ ರುದ್ರಮುನಿಯ ಕೈ ನಿಂತಿತು.

ಅಜ್ಜ ಕೇಳಿದರು: "ನೂಕಾಂವ ಯಾರಂತ ಗೊತ್ತದ ಏನವಾ ನಿನಗ?"

"ಗೊತ್ತಿಲ್ರಿ. ನೀವೂ ಹೇಳಬ್ಯಾಡ್ರಿ. ಇವತ್ತು ಕಳದ್ರ ಹತ್ತು ದಿನ ಉಳೀತಾವ. ನನ್ನಿಂದ ಯಾಕ ಕೆಡಬೇಕು?"

"ಎಷ್ಟು ದಿನ ಅಂತ ನಿನಗ ಯಾರು ಹೇಳಿದ್ರು?"

"ಯಾರು ಹೇಳತಾರ್ರಿ?" ಎಂದಳು ನೀಲವ್ವ. "ಅಂವ ಒಬ್ಬನs ಎಣಿಸ್ಯಾನೇನು?"

ಗೂಳಪ್ಪ ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ಒಬ್ಬರ ನಂತರ ಒಬ್ಬರ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಮತ್ತೆ ರೊಟ್ಟಿಯನ್ನೇ ತುರುಕಿಕೊಂಡ.

ಅಜ್ಜ ರೊಟ್ಟಿ ಹಿಡಿದು ಗಾಡಿಯ ಹಿಂದಕ್ಕೆ ಹೋದರು. ರುದ್ರಮುನಿ ಡಿಕ್ಕಿಗೆ ಹಣೆ ಆನಿಸಿ ನಿಂತಿದ್ದ.

"ಅಜ್ಜಾರ, ಮೂರು ವರ್ಷ ಆಕಿ ಬಂದು ಬಾಗಿಲಾ ನೋಡಿ ಹೋದಾಗ ನಾನು ಒಳಗ ಕೂತು ಗೆದ್ದೆ ಅಂದ್ಕೊಂಡೆ."

ಅಜ್ಜ ರೊಟ್ಟಿಯನ್ನು ಅವನ ಕೈಯಲ್ಲಿಟ್ಟರು.

"ನಾನು ಈಗ ಏನು ಮಾಡ್ಲಿ? ಹೋಗಿ ಆಕಿ ಕಾಲಿಗೆ ಬೀಳ್ಲ್ಯಾ?"

"ಎಂಟೂ ಮುಕ್ಕಾಲು ಆಗೇತಿ. ಗಾಡಿ ನೂಕು."

ಅವನು ಒಂದು ತುತ್ತು ಬಾಯಿಗಿಟ್ಟುಕೊಂಡು ನೂಕಿದ. ಗೂಳಪ್ಪನೂ ಹೆಗಲು ಕೊಟ್ಟ. ಗಾಡಿ ಹಗುರವಾಗಿ ಉರುಳಿತು. ಎಂಜಿನ್ ಮಾತ್ರ ಮಿಸುಕಲಿಲ್ಲ.

"ಗಾಲಿ ತಿರಗತಾವ್ರಿ, ಎಂಜಿನ್ ತಿರಗವೊಲ್ದು!" ಎಂದು ಕೂಗಿದ ಗೂಳಪ್ಪ.

ಅಜ್ಜ ಕಿಟಕಿಯಿಂದ ತಲೆ ಹೊರಹಾಕಿದರು.

"ಈ ಗಾಡಿಗೆ ಒಂದು ಗುಣ ಅದ. ಎಕ್ಸಲೇಟರ್ ಮ್ಯಾಲಿಂದ ಕಾಲು ತಗದ್ರ ಎಂಜಿನ್ ಗಾಲೀನ್ನ ಬಿಟ್ಟು ಬಿಡತದ. ಗಾಲಿ ತಮ್ಮಷ್ಟಕ್ಕ ತಾವು ಓಡತಾವ. ಇಳಿಜಾರಿನ್ಯಾಗ ಭಾಳ ಆರಾಮ. ಹೊಸದಾಗಿ ತಗೊಂಡಾಗ ನಾನು ಗುಡ್ಡದ ಮ್ಯಾಲಿಂದ ಸುಮ್ಮನ ಹಂಗs ಇಳಕೋಂತ ಬರತಿದ್ದೆ. ಇದಕ್ಕಿಂತ ದೊಡ್ಡ ವೈರಾಗ್ಯ ಇಲ್ಲ ಅನಸತಿತ್ತು."

"ಈಗೇನು ಮಾಡೂದ್ರಿ?"

"ಇದು ಇಳಿಜಾರಲ್ಲ." ಅವರು ಡ್ಯಾಶ್‌ಬೋರ್ಡಿನ ಕೆಳಗಿದ್ದ ಗುಂಡಿಯನ್ನು ಹಿಡಿದು ಸರಿಸಿದರು. ಎಲ್ಲೋ ಒಳಗೆ ಕಟ್ ಎಂದಿತು. "ಕೂಡಿಸೀನಿ. ಈಗ ಭಾರ ಆಗತದ. ನೂಕು."

ಭಾರವಾಯಿತು. ಗೋಡೆಯನ್ನು ನೂಕಿದ ಹಾಗಾಯಿತು. ಮುಂದೆ ಒಂದು ಗೇಣು, ಹಿಂದೆ ಒಂದು ಗೇಣು. ರುದ್ರಮುನಿಯ ಜಿಡ್ಡು ಕೈ ಜಾರಿತು. ಅವನು ಎದೆ ಕೊಟ್ಟ. ಮುಂದೆ, ಹಿಂದೆ. ಮುಂದೆ, ಹಿಂದೆ. ಅವನ ಬಾಯಿಂದ ಪಂಚಾಕ್ಷರಿ ಬಂತು. ಮೂರು ವರ್ಷ ಜಪಿಸಿದ್ದ. ಹೀಗೆ ಉಸಿರು ಕಟ್ಟಿ ಬಂದಿರಲಿಲ್ಲ.

ಕಲ್ಲಿನ ಮೇಲೆ ಕೂತಿದ್ದ ನೀಲವ್ವ ಸೆರಗು ಸಿಕ್ಕಿಸಿ ಎದ್ದಳು. ಗಾಡಿಯನ್ನು ತಡವುತ್ತ ಹಿಂದಕ್ಕೆ ಬಂದು, ಅವನ ಪಕ್ಕದಲ್ಲಿ ತಾನೂ ಎರಡು ಕೈ ಇಟ್ಟಳು.

ಅವನು ಅವಳ ಮುಖ ನೋಡಲಿಲ್ಲ. ಅವಳ ಕೈ ನೋಡಿದ. ಕಣ್ಣು ಕಾಣದೆ ರೊಟ್ಟಿ ಬಡಿದು ಬೆರಳುಗಳಿಗೆಲ್ಲ ಸುಟ್ಟ ಕಲೆ.

"ಹರ ಹರ," ಎಂದ ಗೂಳಪ್ಪ.

ಮೂವರೂ ಒಟ್ಟಿಗೆ ನೂಕಿದರು. ಎಂಜಿನ್ನಿನೊಳಗೆ ಏನೋ ಗುಟುಕ್ ಎಂದು ಬಿಟ್ಟುಕೊಟ್ಟಿತು.

"ಬಿಡ್ತು!" ಅಜ್ಜ ಚಪ್ಪಾಳೆ ತಟ್ಟಿದರು. ಪ್ಲಗ್ ಕೂಡಿಸಿ ಚಾಲೂ ಮಾಡಿದಾಗ ಮೊದಲು ಇಷ್ಟ ಕೆಮ್ಮಿತು, ಆಮೇಲೆ ಪ್ರಾಣ. ಎಷ್ಟೋ ಹೊತ್ತಿನ ಮೇಲೆ ಭಾವವೂ ಹತ್ತಿಕೊಂಡಿತು. ರಸ್ತೆ ತುಂಬ ನೀಲಿ ಹೊಗೆ. ಗೂಳಪ್ಪ ಆ ಹೊಗೆಯೊಳಗೆ ನಿಂತು ಕೈ ಮುಗಿದ.

ಉಳಿದ ದಾರಿಯನ್ನು ಅಜ್ಜ ಮೆಲ್ಲಗೆ, ಎಂಜಿನ್ನಿನ ಉಸಿರನ್ನೇ ಕೇಳುತ್ತ ಓಡಿಸಿದರು.

ಆಸ್ಪತ್ರೆ ತಲುಪಿದಾಗ ಹತ್ತಕ್ಕೆ ಹತ್ತು ನಿಮಿಷ ಇತ್ತು. ಬಾಗಿಲಲ್ಲಿ ನರ್ಸ್ ಹೆಸರು ಕೂಗುತ್ತಿದ್ದಳು.

"ನೀಲವ್ವ! ಬಂದಾರೇನ್ರಿ ನೀಲವ್ವ? ಎಷ್ಟೊತ್ತು ಕಾಯೂದವಾ ನಿನ್ನ! ಪೇಶಂಟ್ ಕಡೆಯವರು ಯಾರು? ಇಲ್ಲಿ ಸಹಿ ಬೇಕು."

ಅಜ್ಜ ಮುಂದೆ ಬರಲಿಲ್ಲ. ಕಂಬಕ್ಕೊರಗಿ ನಿಂತರು.

"ಯಾರೂ ಬಂದಿಲ್ಲವಾ," ಎಂದಳು ನೀಲವ್ವ. "ಇವರು ನಮ್ಮ ಅಜ್ಜಾರು. ಅಂವಾ ಗಾಡಿ ನೂಕಾಕ ಬಂದಾಂವ. ನಾನs ಹೆಬ್ಬಟ್ಟು ಒತ್ತತೀನಿ, ಕೊಡು."

"ನಡಿಯೂದಿಲ್ಲವಾ. ಮನೀ ಮಂದೀ ಸಹಿ ಇಲ್ಲಂದ್ರ ಡಾಕ್ಟರು ಕೈ ಹಚ್ಚೂದಿಲ್ಲ. ಮುಂದಿನ ತಿಂಗಳು ಕರಕೊಂಡು ಬಾ." ನರ್ಸ್ ಮುಂದಿನ ಹೆಸರಿಗೆ ಹಾಳೆ ತಿರುವಿದಳು.

"ಕೊಡ್ರಿ ಇಲ್ಲಿ."

ನೀಲವ್ವ ಆ ದನಿಯ ಕಡೆ ತಿರುಗಲಿಲ್ಲ. ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ರುದ್ರಮುನಿ ಮುಂದೆ ಬಂದ. ಮಡಿಯೆಲ್ಲ ಕಪ್ಪು, ಕೈಯೆಲ್ಲ ಎಣ್ಣೆ. ಪೆನ್ನು ಹಿಡಿದ. ಕಾಗದದ ಮೇಲೆ ಮೊದಲು ಅವನ ಹೆಬ್ಬೆರಳಿನ ಗುರುತೇ ಮೂಡಿತು.

ನರ್ಸ್ ಅವನನ್ನು ನೋಡಿದಳು, ನೀಲವ್ವನನ್ನು ನೋಡಿದಳು.

"ನೀವು ಇವರಿಗೆ ಏನಾಗಬೇಕ್ರಿ?"

ವ್ಯಾಕರಣ ಹೇಳಿಕೊಡುತ್ತಿದ್ದವನಿಗೆ ಒಂದು ಶಬ್ದವೂ ಹೊರಡಲಿಲ್ಲ. ಅವನು ಕಂಬದ ಕಡೆ ತಿರುಗಿದ. ಅವನ ಕಣ್ಣು ತುಂಬಿತ್ತು.

"ಅಜ್ಜಾರ, ಏನಂತ ಹೇಳ್ಲಿ? ಆ ಸಂಬಂಧ ಬಿಟ್ಟು ಮೂರು ವರ್ಷ ಆತಲ್ರಿ."

ಅಜ್ಜ ಹೇಳಿದರು:

"ಏನು ಬಿಟ್ಟಿ ಅಂತ ಆಕಿ ಕೇಳಿಲ್ಲಪಾ. ಏನಾಗಬೇಕು ಅಂತ ಕೇಳ್ಯಾಳ."